ಆಸ್ಪತ್ರೆಗೆ ಬಂದವಳಿಗೆ ಒಂದು ರಾತ್ರಿಯ ಆಸರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗರ್ಭಪಾತಕ್ಕಾಗಿ ಊರು ಬಿಟ್ಟು ಬರುವ ಹೆಣ್ಣುಮಕ್ಕಳ ವಸತಿ, ಜೊತೆ ಮತ್ತು ಕಾನೂನಿನ ಬಗ್ಗೆ ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರನ್ನು ಎಲ್ಲಿಯೂ ಕೊಟ್ಟಿಲ್ಲ. ಹಳ್ಳಿಯ ಹೆಸರಿನಿಂದ ಗುರುತು ಸಿಗಬಹುದು ಎನ್ನಿಸಿದಲ್ಲಿ ತಾಲ್ಲೂಕನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ನಮ್ಮ ಮನೆ ಹತ್ತಿರ. ಮಕ್ಕಳು ಬೆಂಗಳೂರಿನಲ್ಲಿರುವುದರಿಂದ ಮಹಡಿಯ ಕೋಣೆ ಖಾಲಿ ಇದೆ. ಸಿರುಗುಪ್ಪ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗರ್ಭ ತೆಗೆಸಿಕೊಳ್ಳಲು ಬಂದಾಗ, ಒಂಟಿ ಹೆಂಗಸಿಗೆ ಲಾಡ್ಜಿನವರು ರೂಮು ಕೊಡದೆ, ಇಡೀ ರಾತ್ರಿ ಬಸ್ ನಿಲ್ದಾಣದಲ್ಲಿ ಕುಳಿತಿದ್ದಳೆಂದು ಆಮೇಲೆ ತಿಳಿದು ಬಹಳ ಸಂಕಟವಾಯಿತು. ಇಂಥವರಿಗೆ ಉಚಿತವಾಗಿ ಕೋಣೆ, ಊಟ ಕೊಟ್ಟು ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕೆಂದು ನಾನೂ ನನ್ನ ಇಬ್ಬರು ಗೆಳತಿಯರೂ ಯೋಚಿಸಿದ್ದೇವೆ. ಇದು ಕಾನೂನಿಗೆ ವಿರುದ್ಧವೇ? ಹೇಗೆ ನಡೆದುಕೊಳ್ಳಬೇಕು? (ಬಳ್ಳಾರಿ)

ಉತ್ತರ: ವಿರುದ್ಧವಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ಅರ್ಹ ವೈದ್ಯರು ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಸರ್ಕಾರ ಮಾನ್ಯ ಮಾಡಿದ ಖಾಸಗಿ ಆಸ್ಪತ್ರೆಯಲ್ಲಿ ಮಾಡುವ ಗರ್ಭಪಾತ ಕಾನೂನುಬದ್ಧ ಚಿಕಿತ್ಸೆ. ಕಣ್ಣಿನ ಆಪರೇಷನ್ನಿಗೆ ಬಂದ ನೆಂಟರಿಗೆ ಮನೆಯಲ್ಲಿ ಜಾಗ ಕೊಡುವುದು ಹೇಗೋ, ಈ ಚಿಕಿತ್ಸೆಗೆ ಬಂದ ವಯಸ್ಕ ಹೆಣ್ಣುಮಗಳಿಗೆ ಜಾಗ ಕೊಡುವುದೂ ಹಾಗೆಯೇ. ಅದನ್ನು ತಡೆಯುವ ಯಾವ ಕಲಮೂ ಆ ಕಾಯ್ದೆಯಲ್ಲಿಲ್ಲ. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ, ನಿಯಮಗಳಲ್ಲಿ ಹೇಳಿರುವ ಕೆಲವು ಸಂದರ್ಭಗಳಲ್ಲಿ, ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಗರ್ಭ ಮುಂದುವರಿದರೆ ಆಕೆಯ ದೇಹಕ್ಕೆ ಅಥವಾ ಮನಸ್ಸಿಗೆ ತೀವ್ರ ಹಾನಿಯಾದೀತೆಂದು ವೈದ್ಯರಿಗೆ ಮನವರಿಕೆಯಾಗಬೇಕೆಂದು ಕಾಯ್ದೆ ಹೇಳುತ್ತದೆ. ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭದಿಂದ ಆಗುವ ನೋವನ್ನೂ, ಆಕೆ ಮದುವೆಯಾಗಿರಲಿ ಆಗದಿರಲಿ, ಅಂಥ ಹಾನಿಯೆಂದೇ ಪರಿಗಣಿಸಲು ಅವಕಾಶವಿದೆ. ಈ ತೀರ್ಮಾನವೆಲ್ಲ ಆಕೆ ಮತ್ತು ವೈದ್ಯರ ನಡುವಿನದು. ಅದರಲ್ಲಿ ನಿಮಗೆ ಪಾಲಿಲ್ಲ ಎಂಬುದನ್ನು ಮೊದಲ ದಿನವೇ ಗೆಳತಿಯರೊಂದಿಗೆ ಕುಳಿತು ಗಟ್ಟಿ ಮಾಡಿಕೊಳ್ಳಿ. ತೆಗೆಸಿಕೊ ಎಂದು ನೀವು ಹೇಳಬಾರದು, ಬೇಡವೆಂದೂ ಹೇಳಬಾರದು. ಆಸ್ಪತ್ರೆಯ ಬಾಗಿಲವರೆಗೆ ಬಂದು ಮನಸ್ಸು ಬದಲಾಯಿಸಿದವಳಿಗೂ ಅದೇ ಕೋಣೆ, ಅದೇ ಊಟ ಸಿಗಬೇಕು.

ಆ ರಾತ್ರಿಯ ಆಸರೆ ಯಾಕೆ ಅಷ್ಟು ಮುಖ್ಯವೆಂದು ಚಿಕಿತ್ಸೆಯ ಕ್ರಮವನ್ನು ನೋಡಿದರೆ ತಿಳಿಯುತ್ತದೆ. ಒಂಬತ್ತು ವಾರಗಳವರೆಗೆ ಮಾತ್ರೆಗಳಿಂದ ಗರ್ಭಪಾತ ಮಾಡಲು ನಿಯಮಗಳಲ್ಲಿ ಅವಕಾಶವಿದೆ. ಮೊದಲ ಮಾತ್ರೆ ತೆಗೆದುಕೊಂಡ ಒಂದೆರಡು ದಿನಗಳ ನಂತರ ಎರಡನೆಯ ಔಷಧ, ಸುಮಾರು ಎರಡು ವಾರಗಳ ಮೇಲೆ ಮತ್ತೊಮ್ಮೆ ತಪಾಸಣೆ. ಎರಡನೆಯ ಔಷಧ ತೆಗೆದುಕೊಂಡ ಕೆಲವು ಗಂಟೆಗಳಲ್ಲಿ ಹೊಟ್ಟೆ ಹಿಂಡುವ ನೋವು, ರಕ್ತಸ್ರಾವ ಶುರುವಾಗುತ್ತದೆ. ಎರಡು ಬಸ್ಸು ಬದಲಿಸಿ ಹಳ್ಳಿಗೆ ಹೋಗಬೇಕಾದವಳಿಗೆ ಅದು ದಾರಿಯ ನಡುವೆ, ನಿಂತುಕೊಂಡು ಹೋಗುವ ಬಸ್ಸಿನಲ್ಲಿ ಶುರುವಾಗಬಹುದು. ಗರ್ಭ ಬೆಳೆದಿದ್ದರೆ ಆಸ್ಪತ್ರೆಯಲ್ಲೇ ದಾಖಲಾಗಬೇಕು. ಆಗ ಹಿಂದಿನ ರಾತ್ರಿಯೂ ಬಿಡುಗಡೆಯಾದ ರಾತ್ರಿಯೂ ತಲೆಯ ಮೇಲೊಂದು ಸೂರು ಬೇಕಾಗುತ್ತದೆ.

ಕೋಣೆಗೆ ಒಳಗಿನಿಂದ ಹಾಕುವ ಚಿಲಕ ಇರಲಿ. ಶೌಚಾಲಯ ಕೋಣೆಗೆ ಹೊಂದಿಕೊಂಡಿರಬೇಕು. ಪಡಸಾಲೆಯಲ್ಲಿ ಕುಳಿತವರ ಮುಂದೆ ಹಾದು ಹೋಗುವಂತಿದ್ದರೆ ಆಕೆ ಸಂಕೋಚದಿಂದ ತಡೆದುಕೊಳ್ಳುತ್ತಾಳೆ. ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಕಲೆಯಾದರೂ ಚಿಂತೆಯಿಲ್ಲದ ಹಳೆಯ ಹತ್ತಿಯ ದುಪ್ಪಟಿ, ದೊಡ್ಡ ಅಳತೆಯ ಪ್ಯಾಡುಗಳು, ಮುಚ್ಚಳವಿರುವ ಬುಟ್ಟಿ, ಬಿಸಿನೀರಿನ ಚೀಲ, ಕೈಗೆಟಕುವ ಹಾಗೆ ಲೈಟಿನ ಸ್ವಿಚ್ಚು. ಬೆಡ್‌ಶೀಟು ಕೆಟ್ಟಿತೆಂದು ಬೆಳಗಾಗುವ ಮೊದಲೇ ಎದ್ದು ಒಗೆಯಲು ಕೂರುವ ಹೆಣ್ಣುಮಕ್ಕಳಿದ್ದಾರೆ; ಅದು ನಿಮ್ಮ ಕೆಲಸವೆಂದು ರಾತ್ರಿಯೇ ಹೇಳಿಬಿಡಿ. ಓಕರಿಕೆ ಬರಬಹುದಾದ್ದರಿಂದ ಗಂಜಿ, ಮೆತ್ತನೆಯ ಅನ್ನ-ಸಾರು ಸಾಕು. ಯಾಕೆ, ಏನು, ಯಾರು ಎಂದು ಕೇಳಬೇಡಿ. ಆಕೆಯಾಗಿ ಹೇಳಿದರೆ ಕೇಳಿಸಿಕೊಳ್ಳಿ. ಪಕ್ಕದ ಮನೆಯವರು "ಯಾರು ಬಂದಾರ್ರೀ ಮನಿಗೆ?" ಎಂದು ಕೇಳಿದರೆ "ನಮ್ಮ ಕಡಿಯವರು" ಎಂಬುದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಅಪಾಯದ ಲಕ್ಷಣಗಳನ್ನು ನೀವು ಮೂವರೂ ಬಾಯಿಪಾಠ ಮಾಡಿಕೊಂಡಿರಬೇಕು. ಗಂಟೆಗೆ ಎರಡಕ್ಕಿಂತ ಹೆಚ್ಚು ದೊಡ್ಡ ಪ್ಯಾಡುಗಳು ಪೂರ್ತಿ ತೊಯ್ದು, ಹೀಗೆಯೇ ಎರಡು ಗಂಟೆ ನಡೆದರೆ ಕಾಯಬಾರದು. ತಲೆ ಸುತ್ತಿ ಬೀಳುವಂತಾದರೆ, ಔಷಧ ತೆಗೆದುಕೊಂಡ ಮರುದಿನವೂ ಜ್ವರ ಉಳಿದಿದ್ದರೆ, ಸ್ರಾವಕ್ಕೆ ದುರ್ವಾಸನೆ ಬಂದರೆ, ನೋವಿನ ಮಾತ್ರೆಗೂ ಜಗ್ಗದ ಹೊಟ್ಟೆನೋವು ಇದ್ದರೆ, 108ಕ್ಕೆ ಕರೆ ಮಾಡಿ ಅಥವಾ ಆಟೋದಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಹೋಗಿ.

ಮಾತ್ರೆಗಳನ್ನು ನೀವು ಇಟ್ಟುಕೊಳ್ಳುವುದಾಗಲಿ, ತಂದುಕೊಡುವುದಾಗಲಿ ಎಂದಿಗೂ ಬೇಡ. ಅವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು, ಮತ್ತು ನೋಂದಾಯಿತ ವೈದ್ಯರಲ್ಲದವರು ಗರ್ಭಪಾತ ಮಾಡಿಸಿದರೆ 2ರಿಂದ 7 ವರ್ಷಗಳ ಕಠಿಣ ಶಿಕ್ಷೆಯಿದೆ. ಬಂದವರಿಂದ ಹಣ ತೆಗೆದುಕೊಳ್ಳಬೇಡಿ. ಖಾಸಗಿ ಆಸ್ಪತ್ರೆಯವರಿಂದ ಕಮಿಷನ್ ಮುಟ್ಟಿದರಂತೂ ನಿಮ್ಮ ಮನೆ ದಲ್ಲಾಳಿಯ ಮನೆಯಾಗುತ್ತದೆ. ಹೆಸರು, ಊರು ಬರೆದಿಡುವ ವಹಿ ಬೇಡ. ವಾಟ್ಸಾಪ್ ಗುಂಪಿನಲ್ಲಿ "ಇವತ್ತು ಒಬ್ಬಳು ಬಂದಿದ್ದಾಳೆ" ಎಂಬ ಒಂದು ಸಾಲೂ ಬೇಡ. ಆಕೆಯ ಗುರುತನ್ನು ಬಯಲು ಮಾಡುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಎಂದು 2021ರ ತಿದ್ದುಪಡಿ ಹೇಳುತ್ತದೆ. ವೈದ್ಯರಿಗೆ ಕಾನೂನು ಹಾಕಿದ ಆ ಕಟ್ಟನ್ನು ನೀವು ನೀವಾಗಿಯೇ ಹಾಕಿಕೊಳ್ಳಿ. ಬೋರ್ಡು ಹಾಕುವ ಬದಲು ಜಿಲ್ಲೆಯ ಸಖಿ ಕೇಂದ್ರ (ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಸರ್ಕಾರ ನಡೆಸುವ ನೆರವಿನ ಕೇಂದ್ರ), ಆಸ್ಪತ್ರೆಯ ಆಪ್ತ ಸಮಾಲೋಚಕಿ, ನಂಬಿಕೆಯ ಆಶಾ ಕಾರ್ಯಕರ್ತೆಯರಿಗೆ ಮಾತ್ರ ನಿಮ್ಮ ಕೋಣೆಯ ವಿಷಯ ತಿಳಿದಿದ್ದರೆ ಸಾಕು.

ಜೊತೆಯಲ್ಲಿ ಹೋಗುವ ಗೆಳತಿಗೆ ಒಂದು ಮಾತು. ಓಪಿಡಿ ಚೀಟಿಯ ಸಾಲಿನಲ್ಲಿ ಆಕೆಯ ಬದಲು ನೀವು ನಿಲ್ಲಿ. "ಹೊಟ್ಟೆ ತೆಗೆಸೋಕೆ ಬಂದವರು ಯಾರು?" ಎಂದು ಎಲ್ಲರೆದುರು ಕೂಗುವುದುಂಟು. ಆಗ ಎದ್ದು ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿ, ಹೆಸರು ಹಿಡಿದು ಕರೆಯಿರೆಂದು ಕೇಳುವ ಒಬ್ಬರು ಪಕ್ಕದಲ್ಲಿದ್ದರೆ ಆಕೆ ಅಲ್ಲಿಂದ ಓಡಿಹೋಗುವುದಿಲ್ಲ.

ಪ್ರಶ್ನೆ: ನನಗೆ ಎರಡು ಮಕ್ಕಳಿವೆ. ಯಜಮಾನರು ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಮುಟ್ಟು ನಿಂತು ಎರಡು ತಿಂಗಳಾಯಿತು. ಗಂಡ ಬಂದು ಸಹಿ ಹಾಕಬೇಕೆಂದು ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೇಳಿದರು. ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ಸಿಗುತ್ತದೆಂದು ಓಣಿಯವರು ಹೇಳುತ್ತಾರೆ. ಜೊತೆಗೆ ಬರುವವರು ಯಾರೂ ಇಲ್ಲ. (ಸಿಂಧನೂರು ತಾಲ್ಲೂಕು)

ಉತ್ತರ: ಪತ್ರಿಕೆ ಅಚ್ಚಾಗುವವರೆಗೆ ಕಾಯಬಾರದ ಪ್ರಶ್ನೆಯಾದ್ದರಿಂದ ಈ ಸಹೋದರಿಗೆ ಫೋನಿನಲ್ಲಿ ಮೊದಲೇ ಉತ್ತರಿಸಿದ್ದೇವೆ. ಅದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಹದಿನೆಂಟು ತುಂಬಿದ, ಮಾನಸಿಕ ಅಸ್ವಸ್ಥತೆಯಿಲ್ಲದ ಮಹಿಳೆಯ ಗರ್ಭಪಾತಕ್ಕೆ ಆಕೆಯ ಒಪ್ಪಿಗೆಯೊಂದೇ ಸಾಕು. ಗಂಡನ, ಅತ್ತೆಯ, ತಂದೆಯ ಸಹಿಯನ್ನು ಕಾಯ್ದೆ ಕೇಳುವುದಿಲ್ಲ. ಕಾಯ್ದೆಯಲ್ಲಿ ಇಲ್ಲದ ಇಂಥ ಷರತ್ತುಗಳನ್ನು ವೈದ್ಯರು ಹೇರಬಾರದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಮದುವೆಯಾಗದವರಿಗೂ 24 ವಾರಗಳ ಅವಕಾಶವನ್ನು ವಿಸ್ತರಿಸಿದ್ದು ಅದೇ ತೀರ್ಪು.

ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಬರಬೇಕಾದ ಮುಟ್ಟು ನಿಂತೇ ಎರಡು ತಿಂಗಳಾಗಿದ್ದರೆ ಹನ್ನೆರಡು ವಾರಗಳ ಹತ್ತಿರ ಬಂದಿರಬಹುದು. ಮಾತ್ರೆಯ ಒಂಬತ್ತು ವಾರಗಳ ಮಿತಿ ದಾಟಿರುವ ಸಂಭವವಿರುವುದರಿಂದ ಅಂಗಡಿಯ ಮಾತ್ರೆಯನ್ನು ಮುಟ್ಟಬೇಡಿ. ಅರ್ಧಂಬರ್ಧ ಗರ್ಭಪಾತವಾಗಿ ರಕ್ತ ಹೋಗುವ ಅಪಾಯ ಒಂದು. ಗರ್ಭ ಚೀಲದ ಹೊರಗೆ, ನಾಳದಲ್ಲಿ ನಿಂತಿದ್ದರೆ ಮಾತ್ರೆಯಿಂದ ಅದು ಹೋಗದೆ, ನಾಳ ಒಡೆದು ಜೀವಕ್ಕೇ ಕುತ್ತು ಬರುವ ಅಪಾಯ ಇನ್ನೊಂದು. ಅದನ್ನು ಕಂಡುಹಿಡಿಯಲು ಪರೀಕ್ಷೆ ಬೇಕು. ಸಿಂಧನೂರಿನ ಸರ್ಕಾರಿ ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಈ ವಾರವೇ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣವಿಲ್ಲ. ಆಧಾರ್ ಕಾರ್ಡು ಜೊತೆಯಲ್ಲಿದ್ದರೆ ಶಕ್ತಿ ಯೋಜನೆಯಡಿ ಕೆಂಪು ಬಸ್ಸಿಗೂ ದುಡ್ಡು ಕೊಡಬೇಕಿಲ್ಲ. "ಆಪರೇಷನ್ ಮಾಡಿಸಿಕೊಂಡರೆ ಮಾತ್ರ ತೆಗೆಯುತ್ತೇವೆ" ಎಂದು ಯಾರಾದರೂ ಹೇಳಿದರೆ ಅದಕ್ಕೂ ಮಣಿಯಬೇಕಿಲ್ಲ. ಕಾಪರ್-ಟಿಯೋ ಆಪರೇಷನ್ನೋ ನಿಮ್ಮ ಇಷ್ಟದ ವಿಷಯ. ಸಹಿಗಾಗಿ ಮತ್ತೆ ಸತಾಯಿಸಿದರೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಅಮೆರಿಕದಲ್ಲಿ ಗರ್ಭಪಾತಕ್ಕಾಗಿ ಬೇರೆ ರಾಜ್ಯಕ್ಕೆ ಬರುವವರಿಗೆ ಜನ ತಮ್ಮ ಮನೆಯನ್ನೇ ಬಿಟ್ಟುಕೊಡುತ್ತಾರೆಂದು ಓದಿದೆ. ಈ ಪದ್ಧತಿ ಹೇಗೆ ಶುರುವಾಯಿತು? ಬೆಳಗಾವಿಯ ಸವಿತಾ ಅವರ ಪ್ರಕರಣಕ್ಕೂ ಇದಕ್ಕೂ ಸಂಬಂಧವಿದೆಯೇ? (ಕೊಪ್ಪಳ)

ಉತ್ತರ: ಸಂಬಂಧವಿದೆ. ಐರ್ಲೆಂಡ್ 1983ರಲ್ಲಿ ತನ್ನ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ಮಾಡಿ ಗರ್ಭಪಾತದ ದಾರಿಯನ್ನೇ ಮುಚ್ಚಿತ್ತು. ಆದರೆ ಸಮುದ್ರದಾಚೆ ಇಂಗ್ಲೆಂಡಿನಲ್ಲಿ 1967ರ ಕಾಯ್ದೆಯಿಂದಾಗಿ ಅದು ಸಿಗುತ್ತಿತ್ತು. ಹೀಗಾಗಿ ಹಡಗು ಹತ್ತಿ, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋದ ಐರಿಷ್ ಮಹಿಳೆಯರ ಸಂಖ್ಯೆ ನಾಲ್ಕು ದಶಕಗಳಲ್ಲಿ ಒಂದೂವರೆ ಲಕ್ಷವನ್ನು ಮೀರಿತು. ಲಂಡನ್ನಿನಲ್ಲಿ ನೆಲೆಸಿದ್ದ ಐರಿಷ್ ಮಹಿಳೆಯರೇ 1980ರ ಸುಮಾರಿಗೆ ಗುಂಪು ಕಟ್ಟಿಕೊಂಡು ಅವರನ್ನು ನಿಲ್ದಾಣದಲ್ಲಿ ಎದುರುಗೊಂಡು, ತಮ್ಮ ಮನೆಗಳಲ್ಲಿ ಮಲಗಿಸಿ, ಕ್ಲಿನಿಕ್ಕಿಗೆ ಕರೆದೊಯ್ಯತೊಡಗಿದರು. ಇಂಗ್ಲೆಂಡಿನ ಕ್ಲಿನಿಕ್ಕುಗಳ ವಿಳಾಸ ಕೊಡುವುದನ್ನೂ ಐರ್ಲೆಂಡಿನ ನ್ಯಾಯಾಲಯಗಳು ತಡೆದಿದ್ದ ಕಾಲ ಅದು. ಆದ್ದರಿಂದ ಫೋನಿನಲ್ಲಿ "ಇಮೆಲ್ಡಾ" ಎಂಬ ಸಂಕೇತದ ಹೆಸರನ್ನು ಬಳಸುತ್ತಿದ್ದರು, ಬಂದವರಿಗೆ ಗುರುತು ಸಿಗಲೆಂದು ಸ್ವಯಂಸೇವಕಿ ಕೆಂಪು ಲಂಗ ತೊಟ್ಟು ನಿಲ್ದಾಣದಲ್ಲಿ ನಿಂತಿರುತ್ತಿದ್ದಳು. ಇಂಥದೇ ಕೆಲಸಕ್ಕಾಗಿ 2009ರಲ್ಲಿ ಲಂಡನ್ನಿನಲ್ಲಿ ಅಬಾರ್ಷನ್ ಸಪೋರ್ಟ್ ನೆಟ್‌ವರ್ಕ್ ಆರಂಭವಾಯಿತು.

ಸವಿತಾ ಹಾಲಪ್ಪನವರ್ ಅವರು ಐರ್ಲೆಂಡಿನಲ್ಲಿದ್ದ ದಂತವೈದ್ಯೆ, ವಯಸ್ಸು 31. ಅಲ್ಲಿನ ಗಾಲ್ವೇ ನಗರದ ಆಸ್ಪತ್ರೆಗೆ 2012ರ ಅಕ್ಟೋಬರಿನಲ್ಲಿ ದಾಖಲಾದಾಗ ಆಕೆಗೆ 17 ವಾರಗಳ ಗರ್ಭವಿತ್ತು, ಮತ್ತು ಅದು ಉಳಿಯುವುದಿಲ್ಲವೆಂದು ಖಚಿತವಾಗಿತ್ತು. ಗರ್ಭವನ್ನು ತೆಗೆಯಿರೆಂದು ಕೇಳಿಕೊಂಡರೂ ಭ್ರೂಣದ ಎದೆಬಡಿತ ಇನ್ನೂ ಇದೆಯೆಂಬ ಕಾರಣಕ್ಕೆ ತೆಗೆಯಲಿಲ್ಲ. ನಂಜು ದೇಹಕ್ಕೆಲ್ಲ ಹರಡಿ ಅಕ್ಟೋಬರ್ 28ರಂದು ಆಕೆ ತೀರಿಕೊಂಡರು. ಬೇರೆ ದೇಶಕ್ಕೆ ಹೋಗುವಷ್ಟು ಸಮಯವೇ ಇಲ್ಲದವಳಿಗೆ, ಸಮುದ್ರದಾಚೆ ಎಷ್ಟು ಮನೆಗಳು ಬಾಗಿಲು ತೆರೆದಿದ್ದರೂ ಪ್ರಯೋಜನವಿಲ್ಲವೆಂದು ಆ ಸಾವು ಇಡೀ ಐರ್ಲೆಂಡಿಗೆ ತೋರಿಸಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4 ಮಂದಿ ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಲು ಮತ ಕೊಟ್ಟರು. ಬೆಳಗಾವಿಯಲ್ಲಿದ್ದ ಆಕೆಯ ತಂದೆಯೂ ಹಾಗೆ ಮತ ಹಾಕಿರೆಂದು ಕೇಳಿಕೊಂಡಿದ್ದರು. ನಮ್ಮ ಉತ್ತರ ಕರ್ನಾಟಕದ ಒಂದು ಮನೆ ತನ್ನ ಮಗಳನ್ನು ಕಳೆದುಕೊಂಡ ಮೇಲೆ ಇನ್ನೊಂದು ದೇಶದ ಹೆಣ್ಣುಮಕ್ಕಳಿಗಾಗಿ ಮಾತಾಡಿತೆಂಬುದನ್ನು ನಾವು ಮರೆಯಬಾರದು.

ಅಮೆರಿಕದಲ್ಲಿ ನ್ಯೂಯಾರ್ಕಿನ ಹೇವನ್ ಕೋಅಲಿಷನ್ ಎಂಬ ಗುಂಪು 2001ರಿಂದಲೇ, ಎರಡು ದಿನಗಳ ಚಿಕಿತ್ಸೆಗೆ ದೂರದಿಂದ ಬಂದು ನಡುವಿನ ರಾತ್ರಿ ಮಲಗಲು ಜಾಗವಿಲ್ಲದ ಮಹಿಳೆಯರನ್ನು ಸದಸ್ಯರ ಮನೆಗಳಲ್ಲಿ ಇರಿಸಿಕೊಳ್ಳುತ್ತಿತ್ತು. ಗರ್ಭಪಾತವನ್ನು ದೇಶದಾದ್ಯಂತ ಹಕ್ಕೆಂದು ಹೇಳಿದ್ದ 1973ರ ರೋ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ರದ್ದು ಮಾಡಿದ ನಂತರ ಹಲವು ರಾಜ್ಯಗಳಲ್ಲಿ ಗರ್ಭಪಾತ ನಿಷೇಧವಾಗಿ, ಇಂಥ ಗುಂಪುಗಳ ಕೆಲಸ ಬಹಳ ಹೆಚ್ಚಿದೆ. ಅಲ್ಲಿ ಹೆಣ್ಣುಮಗಳನ್ನು ಊರು ಬಿಡಿಸುವುದು ಕಾನೂನು. ನಮ್ಮಲ್ಲಿ ಕಾನೂನು ಬಹುಮಟ್ಟಿಗೆ ಅವಳ ಪರವಾಗಿದೆ. ತಾಲ್ಲೂಕಿನಲ್ಲಿ ತರಬೇತಾದ ವೈದ್ಯರಿಲ್ಲದಿರುವುದು, ಗುರುತಿನವರು ಕಂಡಾರೆಂಬ ಭಯ ಮತ್ತು ತಪ್ಪು ಮಾಹಿತಿ ಅವಳನ್ನು ಓಡಾಡಿಸುತ್ತವೆ. ಆದ್ದರಿಂದ ನಮ್ಮ ಕಡೆ ಇಂಥ ಕೆಲಸಕ್ಕೆ ಇಳಿಯುವವರು ಮುಚ್ಚುಮರೆಯ ಸಂಘ ಕಟ್ಟಬೇಕಾದ ಅಗತ್ಯವಿಲ್ಲ. ಗುಟ್ಟಾಗಿರಬೇಕಾದದ್ದು ಬಂದವಳ ಗುರುತು ಮಾತ್ರ.

ಪ್ರಶ್ನೆ: ಐದು ತಿಂಗಳ ಸ್ಕ್ಯಾನಿಂಗಿನಲ್ಲಿ ಮಗುವಿನ ಮೆದುಳು ಬೆಳೆದಿಲ್ಲವೆಂದು ಹೇಳಿದ್ದಾರೆ. ನಾವಿಬ್ಬರೂ ಬಯಸಿದ್ದ ಮಗು. ದೊಡ್ಡ ಊರಿಗೆ ಹೋಗಿರೆಂದು ಬರೆದುಕೊಟ್ಟಿದ್ದಾರೆ. ಈಗ 22 ವಾರ. ಎಷ್ಟು ದಿನ ಇರಬೇಕಾದೀತು, ಕಾನೂನಿನಲ್ಲಿ ಅವಕಾಶವಿದೆಯೇ ತಿಳಿಸಿ. (ಗಂಗಾವತಿ)

ಉತ್ತರ: ನಿಮಗೂ ನಿಮ್ಮ ಪತ್ನಿಗೂ ಆಗಿರುವ ದುಃಖದಲ್ಲಿ ನಾವೂ ಭಾಗಿಗಳು. ಇವರಿಗೂ ಪತ್ರ ಬಂದ ದಿನವೇ ತಿಳಿಸಿದ್ದೇವೆ. ಅವಕಾಶವಿದೆ. ಭ್ರೂಣದ ಗಂಭೀರ ದೋಷವು 20ರಿಂದ 24 ವಾರಗಳ ನಡುವೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಬಹುದಾದ ಸಂದರ್ಭಗಳಲ್ಲಿ ಒಂದು. 24 ವಾರ ದಾಟಿದ್ದರೂ ಬಾಗಿಲು ಮುಚ್ಚುವುದಿಲ್ಲ. ಆಗ ವೈದ್ಯಕೀಯ ಮಂಡಳಿ ನೋಡಿ, ಅರ್ಜಿ ಬಂದ ಮೂರು ದಿನಗಳೊಳಗೆ ಅಭಿಪ್ರಾಯ ಕೊಡಬೇಕು, ಒಪ್ಪಿದರೆ ಐದು ದಿನಗಳೊಳಗೆ ಚಿಕಿತ್ಸೆ ಆಗಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋದವರಿದ್ದಾರೆ. ಕೊಪ್ಪಳ, ಬಳ್ಳಾರಿಯವರು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ಎಲ್ಲ ಸ್ಕ್ಯಾನಿಂಗ್ ವರದಿಗಳನ್ನೂ ತಾಯಿ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ, ನಾಲ್ಕೈದು ದಿನ ಉಳಿಯುವ ಸಿದ್ಧತೆಯಲ್ಲೇ ಹೊರಡಿ.

ಇಂಥವರನ್ನು ಮನೆಯಲ್ಲಿ ಇರಿಸಿಕೊಳ್ಳುವವರು ಒಂದು ವಿಷಯವನ್ನು ತಿಳಿದಿರಬೇಕು. ಐದು ತಿಂಗಳ ಮೇಲೆ ಗರ್ಭ ಹೋದ ತಾಯಿಗೆ ಎರಡು-ಮೂರು ದಿನಗಳಲ್ಲಿ ಎದೆಹಾಲು ಇಳಿಯುತ್ತದೆ. ಯಾರೂ ಮೊದಲೇ ಹೇಳಿರುವುದಿಲ್ಲ. ಕುಪ್ಪಸ ಒದ್ದೆಯಾದಾಗಲೇ ಆಕೆಗೆ ಗೊತ್ತಾಗುವುದು. ಎದೆಗೆ ಆಧಾರ ಕೊಡುವ, ಸರಿಯಾಗಿ ಹೊಂದುವ ಒಳಉಡುಪು, ತಣ್ಣನೆಯ ಬಟ್ಟೆಯ ಪಟ್ಟು, ವೈದ್ಯರು ಹೇಳಿದ ನೋವಿನ ಮಾತ್ರೆ ಆಗ ನೆರವಾಗುತ್ತವೆ. ಹಿಂಡಿ ತೆಗೆದಷ್ಟೂ ಹಾಲು ಹೆಚ್ಚುತ್ತದೆ. ಕೂಸನ್ನು ತಾವೇ ಮಣ್ಣು ಮಾಡಬೇಕೆಂಬ ಆಸೆಯಿದ್ದರೆ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಿಡಬೇಕು. "ಇನ್ನೊಂದು ಆಗ್ತದ ಬಿಡ್ರಿ" ಎಂಬ ಸಮಾಧಾನದ ಮಾತನ್ನು ದಯವಿಟ್ಟು ಆಡಬೇಡಿ.

ಪ್ರಶ್ನೆ: ಪರಿಚಯದ ಒಬ್ಬ ಹಿರಿಯರು ಸೊಸೆಯನ್ನು ಕರೆದುಕೊಂಡು ಬಂದು ನಮ್ಮ ಮನೆಯಲ್ಲಿ ಎರಡು ದಿನ ಇರುತ್ತೇವೆಂದರು. ಮೊದಲೆರಡು ಹೆಣ್ಣು, ಇದೂ ಹೆಣ್ಣೇ ಎಂದು ಎಲ್ಲಿಯೋ ನೋಡಿಸಿದ್ದಾರಂತೆ. ಹುಡುಗಿ ತಲೆಯೆತ್ತಿ ಮಾತಾಡಲಿಲ್ಲ. ನಾನು ಏನು ಮಾಡಬೇಕಿತ್ತು? (ಲಿಂಗಸುಗೂರು ತಾಲ್ಲೂಕು)

ಉತ್ತರ: ಮೊದಲು ಆ ಹುಡುಗಿಯನ್ನು ಅಡುಗೆಮನೆಗೋ ಹಿತ್ತಲಿಗೋ ಒಬ್ಬಳನ್ನೇ ಕರೆದುಕೊಂಡು ಹೋಗಿ "ನಿನಗೇನು ಬೇಕವ್ವಾ?" ಎಂದು ಕೇಳಬೇಕು. ಬೇರೆ ಸಂದರ್ಭದಲ್ಲಿ ಪ್ರಶ್ನೆ ಕೇಳಬಾರದು ಎಂದ ನಾವೇ ಇಲ್ಲಿ ಕೇಳಬೇಕು ಎನ್ನುತ್ತಿದ್ದೇವೆ, ಯಾಕೆಂದರೆ ಇಲ್ಲಿ ತೀರ್ಮಾನ ಅವಳದಲ್ಲ ಎನ್ನುವುದು ಕಣ್ಣೆದುರಿಗೇ ಇದೆ. ಭ್ರೂಣದ ಲಿಂಗ ಪತ್ತೆ 1994ರ ಕಾಯ್ದೆಯಡಿ ಅಪರಾಧ. ಗಂಡನ ಅಥವಾ ಮನೆಯವರ ಒತ್ತಾಯದಿಂದಲೇ ಆಕೆ ಪರೀಕ್ಷೆಗೆ ಒಳಗಾದಳೆಂದು ಆ ಕಾಯ್ದೆ ಭಾವಿಸುತ್ತದೆ. ಆಕೆಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸಿದರೆ ಭಾರತೀಯ ನ್ಯಾಯ ಸಂಹಿತೆಯ 89ನೇ ಕಲಮಿನಡಿ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. ಇಂಥ ಕೆಲಸಕ್ಕೆ ನಿಮ್ಮ ಕೋಣೆ ಸಿಗುವುದಿಲ್ಲವೆಂದು ಹಿರಿಯರಿಗೆ ಮುಖ ನೋಡಿಯೇ ಹೇಳಿ, ಹುಡುಗಿಗೆ ಮಾತ್ರ ಯಾವಾಗ ಬಂದರೂ ಬಾಗಿಲು ತೆರೆದಿದೆಯೆಂದು ತಿಳಿಸಿ, 181ರ ಸಂಖ್ಯೆಯನ್ನು ಅವಳಿಗೆ ಗುಟ್ಟಾಗಿ ಕೊಡಬೇಕಿತ್ತು. ಈಗಲೂ ತಡವಾಗಿಲ್ಲದಿದ್ದರೆ ನೀವೇ ಆ ಸಂಖ್ಯೆಗೆ ಕರೆ ಮಾಡಬಹುದು.

ಪ್ರಶ್ನೆ: ಇಂಥವರಿಗೆ ಮನೆಯಲ್ಲಿ ಜಾಗ ಕೊಡುವುದು ಪಾಪಕ್ಕೆ ದಾರಿ ಮಾಡಿಕೊಟ್ಟಂತೆ ಅಲ್ಲವೇ? (ಮಾನ್ವಿ)

ಉತ್ತರ: ನಿಮ್ಮ ನಂಬಿಕೆ ನಿಮ್ಮದು, ಅದನ್ನು ಗೌರವಿಸುತ್ತೇವೆ, ಜಾಗ ಕೊಡಲೇಬೇಕೆಂದು ಯಾರ ಮೇಲೂ ಒತ್ತಾಯವಿಲ್ಲ. ಆದರೆ ಆಸರೆ ಸಿಗದಿದ್ದ ಮಾತ್ರಕ್ಕೆ ಆಕೆ ಗರ್ಭವನ್ನು ಉಳಿಸಿಕೊಂಡು ಮನೆಗೆ ಮರಳುತ್ತಾಳೆಂದು ಭಾವಿಸಬೇಡಿ. ಕಡ್ಡಿ ಹಾಕುವವರ ಬಳಿಗೆ, ನಾಟಿ ಔಷಧಿಯವರ ಬಳಿಗೆ, ಅಂಗಡಿಯ ಮಾತ್ರೆಗೆ ಹೋಗುತ್ತಾಳೆ. ನಂಜೇರಿ ಆಸ್ಪತ್ರೆಗೆ ಬರುವವರಲ್ಲಿ ಹಾಗೆ ಹೋದವರೇ ಇರುತ್ತಾರೆ.

ಪ್ರಶ್ನೆ: ಹದಿನಾರು ವರ್ಷದ ಹುಡುಗಿ ನೆರವು ಕೇಳಿ ಬಂದರೆ ಇರಿಸಿಕೊಳ್ಳಬಹುದೇ? (ಕಂಪ್ಲಿ)

ಉತ್ತರ: ನಿಮ್ಮಷ್ಟಕ್ಕೇ ಇರಿಸಿಕೊಳ್ಳಬೇಡಿ. ಹದಿನೆಂಟರೊಳಗಿನವಳ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಇಂಥ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು, ತಿಳಿಸದಿದ್ದರೆ ಅದೇ ಅಪರಾಧ. ಹಾಗೆಂದು ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ಒಳಗೆ ಕೂರಿಸಿ, ಉಣ್ಣಲು ಕೊಟ್ಟು, ಅವಳೆದುರಿಗೇ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ, ಅವಳು ನಂಬುವ ಅವ್ವನನ್ನೋ ಅಜ್ಜಿಯನ್ನೋ ಕರೆಸಿ, ಮಕ್ಕಳ ಕಲ್ಯಾಣ ಸಮಿತಿ ಅಥವಾ ಸಖಿ ಕೇಂದ್ರದವರು ಬರುವವರೆಗೆ ಜೊತೆಯಲ್ಲಿರಿ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು ಹೇಳಬೇಕಿಲ್ಲವೆಂದು 2022ರ ಅದೇ ತೀರ್ಪಿನಲ್ಲಿದೆ. ಇದನ್ನು ಅವಳ ತಾಯಿಗೆ ಆಸ್ಪತ್ರೆಗೆ ಹೊರಡುವ ಮೊದಲೇ ತಿಳಿಸಿ.